ಮೂರು ತಿಂಗಳ ಯಜಮಾನಿಕೆ

(ನ್ಯಾಮತಿಯಲ್ಲಿ ಗಿರಣಿ ಕೆಲಸಗಾರರೂ ಚಿಲ್ಲರೆ ವರ್ತಕರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು)



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಹಳೆಯ ಮನೆಯನ್ನು ರಿಪೇರಿ ಮಾಡಿ ನೋಡು ಎಂದು ಮಾತ್ರ ಅವರು ಹೇಳಲಿಲ್ಲ. ಹೊಸ ಮನೆ ಕಟ್ಟುವವನಿಗೆ ಪಾಯದಿಂದ ಸೂರಿನವರೆಗೆ ಒಂದೇ ದಾರಿ. ರಿಪೇರಿ ಮಾಡಿಸುವವನಿಗೆ ಗೋಡೆ ಕೆಡಹುವ ತನಕ ಅದರೊಳಗೆ ಏನಿದೆ ಎಂಬುದೇ ತಿಳಿಯದು. ಅದೂ ಸಾಲದೆಂಬಂತೆ ವಯಸ್ಸಾದ ತಾಯಿ, ಶಾಲೆಗೆ ಹೋಗುವ ಮಕ್ಕಳು, ಒಲೆ, ಹಾಸಿಗೆ, ದೇವರ ಪಟ ಎಲ್ಲವೂ ಅದೇ ಧೂಳಿನಲ್ಲಿ ಇರಬೇಕು.

ಸಭೆಯಲ್ಲಿ ಮನೆ ರಿಪೇರಿಯ ಮಾತೇಕೆ ಎಂದು ಕೆಲವರು ಮುಗುಳ್ನಗುತ್ತಿರುವುದನ್ನು ನಾವು ಕಂಡೆವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಕಡೆ ತಿರುಗಾಡುವಾಗ ನಮ್ಮ ಕಣ್ಣಿಗೆ ಬಿದ್ದದ್ದು ಇದೇ. ಗಿರಣಿಯವನು ಭವಿಷ್ಯ ನಿಧಿಯಿಂದ ತೆಗೆದ ಹಣ, ಅಂಗಡಿಯವನು ಸೊಸೈಟಿಯಲ್ಲಿ ಎತ್ತಿದ ಸಾಲ, ಹೆಂಗಸರ ಸಂಘದ ಚೀಟಿ ದುಡ್ಡು ಕೊನೆಗೆ ಬಂದು ಸೇರುವುದು ಸೋರುವ ಸೂರಿನ ಕೆಳಗೆ. ಜೀವಮಾನದಲ್ಲಿ ನಾವು ಒಂದೇ ಗಂಟಿನಲ್ಲಿ ಖರ್ಚು ಮಾಡುವ ದೊಡ್ಡ ಮೊತ್ತ ಅದು. ಇನ್ನೂ ಒಂದು ಮಾತು ಇದೆ. ವರ್ಷವೆಲ್ಲಾ ಗಿರಣಿಯ ಗೇಟಿನಲ್ಲಿ ಕೂಲಿಗಾಗಿ ವಾದ ಮಾಡಿದವನು ಆ ಮೂರು ತಿಂಗಳು ತನ್ನ ಮನೆಯ ಬಾಗಿಲಲ್ಲಿ ಯಜಮಾನನಾಗಿ ನಿಲ್ಲುತ್ತಾನೆ. ಆಗ ಅವನು ಯಾರ ಹಾಗೆ ಮಾತನಾಡುತ್ತಾನೆ? ಇದನ್ನು ಕೇಳುವುದಕ್ಕೇ ನಾವು ಇಲ್ಲಿ ನಿಂತಿದ್ದೇವೆ.

ಮೊದಲು ನಮ್ಮ ಮನೆಗಳ ವಿಚಾರ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು, ಚಿತ್ರದುರ್ಗದಿಂದ ಜಗಳೂರು ಬಂತು. ಹೊನ್ನಾಳಿಯ ಮಗ್ಗುಲಿನಲ್ಲಿದ್ದ ನ್ಯಾಮತಿ ಆಮೇಲೆ ತಾನೇ ತಾಲ್ಲೂಕಾಯಿತು. ಜಿಲ್ಲೆ ಒಂದಾದರೂ ಮಳೆ ಒಂದಲ್ಲ, ಆದ್ದರಿಂದ ಮನೆಯೂ ಒಂದಲ್ಲ. ನ್ಯಾಮತಿ, ಹೊನ್ನಾಳಿ, ಚನ್ನಗಿರಿಗಳಲ್ಲಿ ಹೆಂಚಿನ ಮನೆಗಳು ಹೆಚ್ಚು. ಮೊದಲು ಕುಂಬಾರರ ನಾಡಹೆಂಚು ಇತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ನಿಧಾನವಾಗಿ ಆ ಹೆಂಚು ಘಟ್ಟ ಹತ್ತಿ ನಮ್ಮಲ್ಲಿಗೂ ಬಂತು. ಜಗಳೂರಿನ ಒಣ ಸೀಮೆಯಲ್ಲಿ ಕಲ್ಲುಗೋಡೆಯ ಮಾಳಿಗೆ ಮನೆ; ತೊಲೆ ಜಂತೆಗಳ ಮೇಲೆ ಮಣ್ಣು, ಅದರ ಮೇಲೆ ನೀರು ಇಳಿಯದಂತೆ ಕರಲು ಮಣ್ಣು. ಹೊನ್ನಾಳಿಯ ಹೊಳೆದಂಡೆಯವರ ಕಷ್ಟವೇ ಬೇರೆ. 2019ರ ಆಗಸ್ಟಿನಲ್ಲಿ ತುಂಗಭದ್ರೆ ಒಳಗೆ ಬಂದು ಹೋದಾಗ ಮಣ್ಣಿನ ಗೋಡೆಗಳು ಕೂತುಬಿಟ್ಟವು. ಆ ವರ್ಷ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪಸ್ವಲ್ಪ ಜಖಂ ಆದ ಮನೆಗೆ 50 ಸಾವಿರ ಎಂದು ದರ್ಜೆ ಮಾಡಿತು. ಗೋಡೆ ಎಷ್ಟು ಬಿದ್ದಿದೆ ಎಂಬುದನ್ನು ನೋಡಿದರೇ ಹೊರತು, ನಿಂತ ಗೋಡೆ ಎಷ್ಟು ನೀರು ಕುಡಿದಿದೆ ಎಂಬುದನ್ನು ಯಾರೂ ಅಳೆಯಲಿಲ್ಲ.

ಇಂತಹ ಮನೆಗೆ ಕೈ ಹಾಕುವಾಗ ಹಣ ಹೋಗುವುದು ಎಲ್ಲಿ? ಸಿಮೆಂಟಿನ ದರ ಏರಿತು, ಮರಳು ಸಿಗುವುದಿಲ್ಲ, ಎಂ ಸ್ಯಾಂಡೂ ದುಬಾರಿ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ನಾವು ನೋಡಿದ ಮನೆಗಳಲ್ಲಿ ಹೆಚ್ಚಿನ ನಷ್ಟ ಆದದ್ದು ಕಸುಬುದಾರರನ್ನು ಕರೆದ ಸರದಿ ತಪ್ಪಿದ್ದರಿಂದ. ಗಾರೆಯವನು ಗೋಡೆಗೆ ನುಣ್ಣಗೆ ಪ್ಲಾಸ್ಟರಿಂಗ್ ತೀಡಿ ಹೋದ ವಾರಕ್ಕೆ ವೈರಿಂಗಿನವನು ಬರುತ್ತಾನೆ, ಉಳಿ ಸುತ್ತಿಗೆಯಿಂದ ಅದೇ ಗೋಡೆಯನ್ನು ಉದ್ದಕ್ಕೂ ಸೀಳುತ್ತಾನೆ. ಅವನ ಹಿಂದೆ ನಲ್ಲಿಯವನು ಬಂದು ಅಡ್ಡಕ್ಕೆ ಸೀಳುತ್ತಾನೆ. ಆಮೇಲೆ ಬಡಗಿ ಬಂದು, ಬಾಗಿಲ ಚೌಕಟ್ಟು ಕೂರಿಸಲು ಅಂಚು ಒಡೆಯಬೇಕು ಎನ್ನುತ್ತಾನೆ. ಗಾರೆಯವನನ್ನು ಮತ್ತೆ ಕರೆಯಬೇಕು. ಅಷ್ಟರಲ್ಲಿ ಅವನು ಇನ್ನೊಬ್ಬರ ಮನೆಯಲ್ಲಿ ಕರಣೆ ಹಿಡಿದಿರುತ್ತಾನೆ. ಇವರಲ್ಲಿ ಯಾರೂ ಕೆಟ್ಟ ಕೆಲಸಗಾರರಲ್ಲ. ನಾಲ್ವರನ್ನೂ ಒಂದು ದಿನ ಒಟ್ಟಿಗೆ ಕರೆದು, ಚಹಾ ಕೊಟ್ಟು, ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಸಿದ್ದರೆ ಸಾಕಿತ್ತು. ಮೊದಲು ಸೂರು, ಬಳಿಕ ಚೌಕಟ್ಟು ಮತ್ತು ಗೋಡೆಯೊಳಗೆ ಅಡಗುವ ಕೊಳವೆಗಳು, ಆಮೇಲೆ ಗಾರೆ, ನಂತರ ನೆಲ, ಕಡೆಗೆ ಬಣ್ಣ. ಈ ಸರದಿ ಪ್ರತಿಯೊಬ್ಬ ಮೇಸ್ತ್ರಿಗೂ ಗೊತ್ತಿದೆ. ಅವನನ್ನು ಕೇಳುವವರು ಬೇಕು.

ಇನ್ನು ಸಿಮೆಂಟಿನ ವ್ಯಾಮೋಹ. ಮಣ್ಣಿನ ಗೋಡೆಗೆ ನೇರವಾಗಿ ಸಿಮೆಂಟು ಬಳಿದರೆ ಅದು ಹಿಡಿಯುವುದಿಲ್ಲ. ನೆಲದಿಂದ ಏರಿದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆಯೊಳಗೇ ಕೂರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟು ಹಪ್ಪಳದ ಹಾಗೆ ಏಳುತ್ತದೆ. ಹಿಂದಿನವರು ಸುಣ್ಣ ಮರಳನ್ನು ಗಾಣದಲ್ಲಿ ಅರೆದು ಗಾರೆ ಮಾಡುತ್ತಿದ್ದರು. ಗಾರೆಯವರು ಎಂಬ ಹೆಸರೇ ಅದರಿಂದ ಬಂದದ್ದು. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿಗೆ ಹೋದವರು ಪುಷ್ಕರಣಿಯ ಕಟ್ಟಡವನ್ನು ಒಮ್ಮೆ ಕಣ್ಣಿಟ್ಟು ನೋಡಿ. ಸಿಮೆಂಟು ಎಂಬ ಹೆಸರೇ ಇಲ್ಲದ ಕಾಲದ ಕೆಲಸ ಅದು, ನಡುನೀರಿನಲ್ಲಿ ನಿಂತಿದೆ. ಇದನ್ನು ಹಳಹಳಿಕೆ ಎನ್ನಬೇಡಿ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ತಂಡದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಕೇರಳದಲ್ಲಿ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಮಣ್ಣು, ಸುಣ್ಣ, ಹಳೆಯ ಹೆಂಚುಗಳಿಂದಲೇ ಬಡವರ ಮನೆ ಕಟ್ಟಿ ತೋರಿಸಿದರು. ಮಣ್ಣಿನ ಮನೆಯಲ್ಲಿರುವುದು ನಾಚಿಕೆ ಎಂದು ನಮಗೆ ಕಲಿಸಿದವರು ಯಾರೋ ನಾವರಿಯೆವು. ಸಿಮೆಂಟು ಮಾರುವವರಂತೂ ಬೇಡ ಎನ್ನುವುದಿಲ್ಲ.

ಸಿಮೆಂಟನ್ನೇ ಬಳಸುವವರು ಒಂದು ತಿಳಿದಿರಬೇಕು. ಅದು ನೀರು ಕುಡಿದು ಗಟ್ಟಿಯಾಗುವ ವಸ್ತು. ಹೊಸ ಪ್ಲಾಸ್ಟರಿಂಗಿಗೆ ಕಡಿಮೆ ಎಂದರೂ 7 ದಿನ ನೀರು ಬೇಕು. ಮೇಸ್ತ್ರಿಯ ಗುತ್ತಿಗೆಯಾದರೋ ಕರಣೆ ತೊಳೆದ ಸಂಜೆಗೆ ಮುಗಿಯಿತು. ಆಮೇಲೆ ನೀರು ಹೊಡೆಯುವವರು ಯಾರು? ಮನೆಯ ಹೆಣ್ಣುಮಗಳು. ಅಡುಗೆ, ಮಕ್ಕಳು, ದನ ಎಲ್ಲ ಮುಗಿಸಿ ಅವಳು ಬಿಂದಿಗೆ ಎತ್ತಬೇಕು. ಜಗಳೂರಿನಲ್ಲಾದರೆ ಟ್ಯಾಂಕರಿಗೆ ಕಾದು ಎತ್ತಬೇಕು. ಒಂದು ದಿನ ತಪ್ಪಿ ಗೋಡೆ ಬಿರುಕು ಬಿಟ್ಟರೆ ಅವಳಿಗೇ ಬೈಗುಳ. ಗೋಡೆಗೆ ನೆನೆಸಿದ ಗೋಣಿ ಕಟ್ಟಿ, ಒಬ್ಬ ಕೈಯಾಳಿಗೆ 7 ದಿನದ ಅರ್ಧ ಕೂಲಿಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಂಡರೆ ಅದು ಇಡೀ ಖರ್ಚಿನಲ್ಲಿ ಕಾಣುವ ಮೊತ್ತವೇ ಅಲ್ಲ.

ಗುತ್ತಿಗೆಯೋ ದಿನಗೂಲಿಯೋ ಎಂದು ಬಹಳ ಜನ ನಮ್ಮನ್ನು ಕೇಳುತ್ತಾರೆ. ಚದರದ ಲೆಕ್ಕದಲ್ಲಿ ಅಳೆಯಬಹುದಾದ ಕೆಲಸಕ್ಕೆ ಗುತ್ತಿಗೆ ಸರಿಯೇ. ಹಳೆಯ ಮನೆಯ ಕೆಲಸವನ್ನು ಅಳೆಯುವವರು ಯಾರು? ತೊಲೆ ಎಳೆದಾಗ ಗೆದ್ದಲು ಎಷ್ಟು ದೂರ ಹೋಗಿದೆಯೋ ಬ್ರಹ್ಮನಿಗೂ ತಿಳಿಯದು. ಮೂವರು ಮೇಸ್ತ್ರಿಗಳನ್ನು ಕರೆಸಿ ಎಲ್ಲರಿಗಿಂತ ಕಡಿಮೆ ಹೇಳಿದವನಿಗೆ ಕೆಲಸ ಕೊಟ್ಟೆವೆಂದು ಮೀಸೆ ತಿರುವುತ್ತೇವೆ. ಆ ಕಡಿಮೆಯನ್ನು ಅವನು ತನ್ನ ಜೇಬಿನಿಂದ ಕೊಡುತ್ತಾನೆಯೇ? ಒಂದಕ್ಕೆ ಆರು ಪಾಲು ಮರಳು ಹಾಕಬೇಕಾದಲ್ಲಿ ಒಂಬತ್ತು ಹಾಕುತ್ತಾನೆ. ಇಲ್ಲವೇ ಬಾಂಡ್ಲಿ ಹೊರುವ ಹೆಣ್ಣಾಳಿನ ಕೂಲಿಯಲ್ಲಿ ಹಿಡಿಯುತ್ತಾನೆ. ಹಾಗಾಗಿ ಬಿಚ್ಚಿ ನೋಡುವ ಕೆಲಸವೆಲ್ಲ ದಿನಗೂಲಿಯಲ್ಲಿ ಆಗಲಿ, ಬಿಚ್ಚಿದ ಮೇಲೆ ಕಣ್ಣಿಗೆ ಕಾಣುವ ಕೆಲಸಕ್ಕೆ ಗುತ್ತಿಗೆ ಮಾತನಾಡಿ ಎಂದು ನಮ್ಮ ಸಲಹೆ.

ಅಂಗಡಿಯವರಿಗೆ ವಿಶೇಷವಾಗಿ ಹೇಳಬೇಕು. ಅರ್ಧ ಕೆ.ಜಿ. ಬೆಲ್ಲಕ್ಕೂ ಖಾತೆ ಬರೆಯುವ ತಾವು ಲಕ್ಷಗಟ್ಟಲೆ ರೂಪಾಯಿಯ ಮನೆಕೆಲಸಕ್ಕೆ ಖಾತೆ ಇಡುವುದಿಲ್ಲ. ಒಂದು ನೋಟುಪುಸ್ತಕ ತನ್ನಿ. ಎಷ್ಟು ಚೀಲ ಬಂತು, ಎಷ್ಟು ಹೋಯಿತು, ಇವತ್ತು ಯಾರು ಯಾರು ಬಂದರು, ಮುಂಗಡ ಎಷ್ಟು ಎಂದು ಬರೆಯಿರಿ. ಹೆಸರು ಹಿಡಿದು ಬರೆಯಿರಿ. ಎರಡು ತಿಂಗಳು ನಿಮ್ಮ ಮನೆಯ ಮಣ್ಣು ಹೊತ್ತವಳ ಹೆಸರು ನಿಮಗೆ ಗೊತ್ತಿಲ್ಲ. ಮೇಸ್ತ್ರಿಯ ಕಡೆಯವಳು ಎಂದಷ್ಟೇ ಗೊತ್ತು. ಬಟವಾಡೆಯನ್ನು ಸಂತೆಯ ಹಿಂದಿನ ಸಂಜೆ, ಸಾಧ್ಯವಾದರೆ ಪ್ರತಿಯೊಬ್ಬರ ಕೈಗೇ ಕೊಡಿ. ಸಂತೆ ಕಳೆದ ಮೇಲೆ ಕೊಟ್ಟ ಕೂಲಿ ಅಂಗಡಿಯ ಸಾಲಕ್ಕೆ ಜಮೆಯಾಗುತ್ತದೆ. ಗಂಡಾಳಿಗೂ ಹೆಣ್ಣಾಳಿಗೂ ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾಯಿದೆ 1976ರಲ್ಲೇ ಬಂತು. ಗಿರಣಿಯಲ್ಲಿ ಅದರ ಮೇಲೆ ಭಾಷಣ ಮಾಡಿದವರ ಮನೆಯ ಅಂಗಳದಲ್ಲೇ ಎರಡು ದರ ನಡೆಯುವುದನ್ನು ನಾವು ನೋಡಿದ್ದೇವೆ.

ಚನ್ನಗಿರಿ ಕಡೆಯ ಒಂದು ಹಳ್ಳಿಯ ಸಂಗತಿ. ಊರಿನ ಹೆಸರು ಬೇಡ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಹೆಂಚು ಇಳಿಸಿ ತಾರಸಿ ಹಾಕುವ ಕೆಲಸ ನಡೆದಿತ್ತು. ಅಡಿಕೆ ಮರದ ಗಳಗಳನ್ನು ಹಳೆಯ ಹಗ್ಗದಿಂದ ಬಿಗಿದು ಸಾರುವೆ ಕಟ್ಟಿದ್ದರು. ಮಧ್ಯಾಹ್ನ ಹಗ್ಗ ಜಾರಿತು. ಬಾಂಡ್ಲಿ ಎತ್ತಿಕೊಡುತ್ತಿದ್ದ ಹೆಣ್ಣುಮಗಳು ಬಿದ್ದು ಸೊಂಟದ ಮೂಳೆ ಮುರಿಯಿತು. ಜಗಳೂರು ಕಡೆಯಿಂದ ಕೆಲಸ ಹುಡುಕಿ ಬಂದವಳು. ಮನೆಯವರು, ‘ನಾವು ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದೆವಪ್ಪಾ’ ಎಂದರು. ಮೇಸ್ತ್ರಿ, ‘ನಾನೂ ಕೂಲಿಯವನೇ ಅಣ್ಣಾ, ನನ್ನ ಹತ್ತಿರ ಏನಿದೆ’ ಎಂದ. ಇಬ್ಬರೂ ಸುಳ್ಳು ಹೇಳಲಿಲ್ಲ, ಮೊದಲ ದಿನದ ಆಸ್ಪತ್ರೆ ಖರ್ಚನ್ನು ಇಬ್ಬರೂ ಕೊಟ್ಟರು. ಎರಡನೆಯ ತಿಂಗಳಿಗೆ ಯಾರೂ ಇರಲಿಲ್ಲ. ಕಟ್ಟಡ ಕಾರ್ಮಿಕರ ಕಾರ್ಡು ಇದೆಯೇ ತಾಯಿ ಎಂದು ನಾವು ಕೇಳಿದೆವು. ಇರಲಿಲ್ಲ. ಆ ಒಂದೇ ವರ್ಷದಲ್ಲಿ ಆಕೆ ಹನ್ನೊಂದು ಮನೆಗಳಲ್ಲಿ ದುಡಿದಿದ್ದಳು. ಹನ್ನೊಂದರಲ್ಲಿ ಒಂದು ಮನೆಯವರೂ ಒಂದು ಚೀಟಿಗೆ ಸಹಿ ಹಾಕಿ ಕೊಟ್ಟಿರಲಿಲ್ಲ.

ಈ ಚೀಟಿ ಎಂದರೇನು? 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯಿದೆಯೂ ಸೆಸ್ ಕಾಯಿದೆಯೂ ಬಂದವು. ನಮ್ಮ ರಾಜ್ಯದಲ್ಲಿ ಕಲ್ಯಾಣ ಮಂಡಳಿ ಆದದ್ದು ಹನ್ನೊಂದು ವರ್ಷ ತಡವಾಗಿ, 2007ರಲ್ಲಿ. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ಹೆಸರು ನೋಂದಾಯಿಸಬಹುದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ 90 ದಿನದ ಷರತ್ತು ಹಾಗೆಯೇ ಇದೆ. ರಿಪೇರಿ ಕೆಲಸವೂ ಕಟ್ಟಡದ ಕೆಲಸವೇ ಎಂದು ಕಾನೂನು ಬಿಡಿಸಿ ಹೇಳಿದೆ. ನೋಂದಾಯಿಸಿದವರಿಗೆ ಅಪಘಾತವಾದರೆ ನೆರವು, ಹೆರಿಗೆಗೆ, ಮಕ್ಕಳ ಓದಿಗೆ ಸಹಾಯ, 60 ಕಳೆದ ಮೇಲೆ ಪಿಂಚಣಿ ಇವೆಲ್ಲ ಉಂಟು. ತೊಡಕು ಇರುವುದು 90 ದಿನದ ಸಾಕ್ಷಿಯಲ್ಲಿ. ದೊಡ್ಡ ಕಂಪನಿಯ ಕಟ್ಟಡದಲ್ಲಿ ಒಬ್ಬನೇ ಗುತ್ತಿಗೆದಾರ ಬರೆದು ಕೊಡುತ್ತಾನೆ. ನಮ್ಮ ಊರಿನ ಗಾರೆಯವನು ಇಲ್ಲಿ ಹತ್ತು ದಿನ, ಅಲ್ಲಿ ಹದಿನೈದು ದಿನ. ಅವನಿಗೆ ಕೆಲಸ ಕೊಟ್ಟವರು ಯಾರು? ನಾವೇ. ಪಂಚಾಯಿತಿಯವರಾಗಲಿ ಕಾರ್ಮಿಕ ನಿರೀಕ್ಷಕರಾಗಲಿ ಆಧಾರ ಕೇಳಿದಾಗ ಅವನು ಮುಂದಿಡಬೇಕಾದದ್ದು ನಮ್ಮ ನೋಟುಪುಸ್ತಕದ ಲೆಕ್ಕ, ನಮ್ಮ ಸಹಿ. ಅದು ಸಿಗದ ಕಡೆ ಏನಾಯಿತು ಎಂಬುದನ್ನೂ ನೀವು ಕಂಡಿದ್ದೀರಿ. ಕರಣೆಯನ್ನೇ ಹಿಡಿಯದವರು ದಲ್ಲಾಳಿಗಳಿಂದ ಕಾರ್ಡು ಮಾಡಿಸಿಕೊಂಡರು, ನಿಜವಾಗಿ ಸಾರುವೆ ಹತ್ತಿದವರು ಹೊರಗುಳಿದರು.

ಸಹಿ ಹಾಕಿದರೆ ಸೆಸ್ ನಮ್ಮ ತಲೆಯ ಮೇಲೆ ಬೀಳುತ್ತದೆ ಎಂಬ ಭಯ ಅಂಗಡಿಯವರಲ್ಲಿದೆ. ಸ್ವಂತ ವಾಸದ ಮನೆಯ ಕೆಲಸ 10 ಲಕ್ಷಕ್ಕೆ ಮೀರದಿದ್ದರೆ ಸೆಸ್ ಇಲ್ಲ ಎಂದು 1996ರ ಕಾನೂನಿನಲ್ಲೇ ಇತ್ತು. 2020ರ ಸಂಹಿತೆಯಲ್ಲಿ ಆ ಮಿತಿ 50 ಲಕ್ಷ. ಇಲ್ಲಿ ಕೂತವರಲ್ಲಿ 50 ಲಕ್ಷದ ರಿಪೇರಿ ಮಾಡಿಸುವವರು ಇದ್ದರೆ ಎದ್ದು ನಿಲ್ಲಲಿ, ನಾವು ಅವರ ಹತ್ತಿರ ಚಂದಾ ಕೇಳುವುದಿದೆ.

ಚೀಟಿಗೆ ದೊಡ್ಡ ಬರವಣಿಗೆ ಬೇಡ. ಕೆಲಸಗಾರರ ಹೆಸರು, ಊರು, ಮಾಡಿದ ಕೆಲಸ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ದಿನ, ದಿನಕ್ಕೆ ಎಷ್ಟು ಕೂಲಿ, ಕೆಳಗೆ ನಿಮ್ಮ ವಿಳಾಸ ಮತ್ತು ಸಹಿ. ಎರಡು ಪ್ರತಿ ಮಾಡಿ, ಒಂದು ನಿಮ್ಮಲ್ಲಿರಲಿ. ಬರೆಯಲು ಬಾರದವರ ಮನೆಗೆ ಶಾಲೆಗೆ ಹೋಗುವ ಹುಡುಗರು ಬರೆದುಕೊಡಬಹುದು. ನಮೂನೆಯನ್ನು ಕೈಬರಹದಲ್ಲಿ ತಂದಿದ್ದೇವೆ, ಸಭೆ ಮುಗಿದ ಮೇಲೆ ಮೇಜಿನ ಹತ್ತಿರ ಬಂದವರು ನಕಲು ಮಾಡಿಕೊಳ್ಳಿ. ಮುಂಗಾರಿಗೆ ಮುಂಚೆ ಹೆಂಚು ಇಳಿಸುವ ಯೋಚನೆ ಇದ್ದವರು ಇವತ್ತೇ ತೆಗೆದುಕೊಂಡು ಹೋಗುವುದು ಒಳ್ಳೆಯದು.