ಒಲೆ ಬದಲಿಸುವ ಮೊದಲು ಮನೆಯ ಲೆಕ್ಕ
(ತಾಯಂದಿರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ‘ಗ್ಯಾಸ್ ಒಲೆಯಿಂದ ಇಂಡಕ್ಷನ್ ಒಲೆಗೆ’. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ, ಎಂಜಿನಿಯರ್ ಅಲ್ಲ. ಆದರೆ ನಿಮ್ಮಂತೆಯೇ ದಿನಕ್ಕೆ ಎರಡು ಹೊತ್ತು ಒಲೆಯ ಮುಂದೆ ನಿಲ್ಲುವವಳು. ನಮ್ಮ ಎಷ್ಟೋ ಮನೆಗಳಲ್ಲಿ ಅಡುಗೆ ಮಾಡುವವರು ಒಬ್ಬರು, ಒಲೆ ಕೊಳ್ಳುವವರು ಇನ್ನೊಬ್ಬರು, ಬಿಲ್ ಕಟ್ಟುವವರು ಮತ್ತೊಬ್ಬರು. ಈ ಮೂವರೂ ಒಟ್ಟಿಗೆ ಕುಳಿತು ಲೆಕ್ಕ ಹಾಕದೆ ಒಲೆ ಬದಲಿಸಬಾರದು ಎಂಬುದೇ ಇಂದು ನಾನು ಹೇಳಬೇಕೆಂದಿರುವ ಮಾತು.

ಮೊದಲು ಈ ಒಲೆ ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. 1831ರಲ್ಲಿ ಮೈಕೆಲ್ ಫ್ಯಾರಡೆ ಎಂಬ ವಿಜ್ಞಾನಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ಮೂಲ. ಗಾಜಿನ ಹಲಗೆಯ ಕೆಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ವಿದ್ಯುತ್ ಅತಿ ವೇಗವಾಗಿ ದಿಕ್ಕು ಬದಲಿಸುತ್ತಾ ಹರಿದಾಗ ಮೇಲಿಟ್ಟ ಕಬ್ಬಿಣದ ಪಾತ್ರೆಯ ತಳದಲ್ಲಿಯೂ ವಿದ್ಯುತ್ ಸುಳಿಗಳು ಹುಟ್ಟಿ, ಪಾತ್ರೆ ತಾನೇ ಬಿಸಿಯಾಗುತ್ತದೆ. ಇಲ್ಲಿ ಬೆಂಕಿ ಇಲ್ಲ, ಹೊಗೆ ಇಲ್ಲ, ಅಡುಗೆಮನೆಯೂ ಅಷ್ಟು ಕಾಯುವುದಿಲ್ಲ. ಗ್ಯಾಸ್ ಜ್ವಾಲೆಯಿಂದ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಎಂಬ ಅನಿಲ ಉಸಿರಾಟದ ತೊಂದರೆ ಇರುವವರಿಗೆ ಒಳ್ಳೆಯದಲ್ಲ. ಕಿಟಕಿಯಿಲ್ಲದ ಸಣ್ಣ ಅಡುಗೆಮನೆಗಳಿಗೆ ಇದು ಮುಖ್ಯವಾದ ವಿಷಯ.

ಈಗ ಹಣದ ಲೆಕ್ಕಕ್ಕೆ ಬರೋಣ. ನಮ್ಮ ಮನೆಯ ಸಿಲಿಂಡರ್‌ನಲ್ಲಿ 14.2 ಕಿಲೋ ಗ್ಯಾಸ್ ಇರುತ್ತದೆ. ಅದರಲ್ಲಿರುವ ಶಾಖವನ್ನು ವಿದ್ಯುತ್ತಿನ ಲೆಕ್ಕದಲ್ಲಿ ಹೇಳಿದರೆ ಸುಮಾರು 180 ಯೂನಿಟ್. ಒಳ್ಳೆಯ ಗ್ಯಾಸ್ ಒಲೆಯಲ್ಲಿಯೂ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 120 ಯೂನಿಟ್‌ನಷ್ಟು ಶಾಖ ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದದ್ದು ಗಾಳಿಗೆ ಹೋಗುತ್ತದೆ. ಇಂಡಕ್ಷನ್‌ನಲ್ಲಿ ನೂರಕ್ಕೆ ಸುಮಾರು 85 ಪಾಲು ಪಾತ್ರೆಗೆ ಸೇರುವುದರಿಂದ ಅದೇ ಅಡುಗೆಗೆ ಸುಮಾರು 140 ಯೂನಿಟ್ ವಿದ್ಯುತ್ ಸಾಕು. ಹಾಗಾದರೆ ಸಿಲಿಂಡರಿನ ಬೆಲೆಯನ್ನು 140ರಿಂದ ಭಾಗಿಸಿ ನೋಡಿ. ಬೆಲೆ 840 ರೂಪಾಯಿ ಎಂದುಕೊಂಡರೆ ಉತ್ತರ 6 ರೂಪಾಯಿ. ನಿಮ್ಮ ಮನೆಯ ಯೂನಿಟ್ ದರ ಅದಕ್ಕಿಂತ ಕಡಿಮೆಯಿದ್ದರೆ ವಿದ್ಯುತ್ ಅಗ್ಗ, ಹೆಚ್ಚಿದ್ದರೆ ಗ್ಯಾಸೇ ಅಗ್ಗ. ಏಳನೆಯ ತರಗತಿಯ ಮಗಳಿಗೆ ಈ ಲೆಕ್ಕ ಕೊಡಿ, ಐದು ನಿಮಿಷದಲ್ಲಿ ಮಾಡಿಕೊಡುತ್ತಾಳೆ.

ಆದರೆ ನಮ್ಮ ರಾಜ್ಯದಲ್ಲಿ ಇನ್ನೊಂದು ಲೆಕ್ಕವೂ ಇದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ. 200 ಯೂನಿಟ್ ಉಚಿತವೆಂದು ಎಲ್ಲರೂ ಹೇಳುತ್ತಾರೆ. ಆದರೆ ಯೋಜನೆ ಬಂದಾಗಿನ ನಿಯಮವನ್ನು ಗಮನಿಸಿ: ಹಿಂದಿನ ವರ್ಷದ ನಿಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ನೂರಕ್ಕೆ 10ರಷ್ಟು ಮಾತ್ರ ಉಚಿತ. ಅದನ್ನು ದಾಟಿದರೆ ದಾಟಿದ ಯೂನಿಟ್‌ಗಳಿಗೆ ಹಣ ಕೊಡಬೇಕು. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು.

ಒಂದು ಉದಾಹರಣೆ ನೋಡೋಣ. ಒಂದು ಮನೆಯ ಸರಾಸರಿ ಬಳಕೆ 80 ಯೂನಿಟ್, ಉಚಿತ ಮಿತಿ 88. ಸಿಲಿಂಡರ್ ಎರಡು ತಿಂಗಳು ಬರುವ ಚಿಕ್ಕ ಸಂಸಾರವಾದರೆ ಪೂರ್ತಿ ಇಂಡಕ್ಷನ್‌ಗೆ ಬದಲಾದಾಗ ತಿಂಗಳಿಗೆ 70 ಯೂನಿಟ್ ಸೇರಿ 150 ಆಗುತ್ತದೆ. 62 ಯೂನಿಟ್‌ಗೆ ಹಣ ಕೊಟ್ಟರಾಯಿತು. ಅದೇ ಬಳಕೆಯ, ಆದರೆ ತಿಂಗಳಿಗೊಂದು ಸಿಲಿಂಡರ್ ಬೇಕಾಗುವ ಕೂಡು ಕುಟುಂಬವಾದರೆ 140 ಸೇರಿ 220. ಆಗ 220ಕ್ಕೂ ಹಣ ಕೊಡಬೇಕಾಗುತ್ತದೆ! ಉಳಿತಾಯವೆಂದು ತಂದ ಒಲೆ ಹೊರೆಯಾಗುತ್ತದೆ. ಆದ್ದರಿಂದ ತಾಯಂದಿರೇ, ಅಂಗಡಿಗೆ ಹೋಗುವ ಮೊದಲು ವಿದ್ಯುತ್ ಬಿಲ್ ಕೈಗೆ ತೆಗೆದುಕೊಳ್ಳಿ. ನಿಮ್ಮ ಬಳಕೆ ಎಷ್ಟು, ಮಿತಿ ಎಷ್ಟು ಎಂದು ಓದಿ.

ಎರಡನೆಯದು ವೈರಿಂಗ್. ಇದು ಹಣಕ್ಕಿಂತ ದೊಡ್ಡ ಮಾತು, ಏಕೆಂದರೆ ಇದು ಜೀವದ ಪ್ರಶ್ನೆ. 2000 ವ್ಯಾಟ್‌ನ ಒಲೆ ಪೂರ್ತಿ ಉರಿಯಲ್ಲಿ ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಮೊಬೈಲ್ ಚಾರ್ಜರ್, ಮಿಕ್ಸಿ ಹಾಕುವ ಸಣ್ಣ ಪಾಯಿಂಟ್ 6 ಆಂಪಿಯರ್‌ಗೆ ಮಾಡಿದ್ದು. ಅದಕ್ಕೆ ಈ ಒಲೆ ಹಾಕಿದರೆ, ಅಥವಾ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಎಳೆದರೆ, ಪ್ಲಗ್ ಕರಗಿ ಬೆಂಕಿ ಹತ್ತಬಹುದು. ಫ್ರಿಜ್, ಗೀಸರ್‌ಗೆ ಹಾಕಿಸುವಂಥ ದೊಡ್ಡ ಪವರ್ ಪಾಯಿಂಟ್, ಅದಕ್ಕೆ ಬೇರೆಯೇ ದಪ್ಪ ವೈರ್, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಬಾಡಿಗೆ ಮನೆಯವರು ಮಾಲೀಕರೊಡನೆ ಮೊದಲೇ ಮಾತನಾಡಿ. ಮನೆಗೆ ಮಂಜೂರಾದ ಲೋಡ್ ಒಂದೇ ಕಿಲೋವ್ಯಾಟ್ ಇದ್ದರೆ ಅದನ್ನೂ ಹೆಚ್ಚಿಸಿಕೊಳ್ಳಬೇಕು. ಆಗ ಬಿಲ್ಲಿನ ನಿಗದಿತ ಶುಲ್ಕವೂ ಹೆಚ್ಚುತ್ತದೆ. ಅದನ್ನೂ ಲೆಕ್ಕಕ್ಕೆ ಸೇರಿಸಿ.

ಮೂರನೆಯದು ಪಾತ್ರೆ. ಮಕ್ಕಳ ಆಟದ ಅಯಸ್ಕಾಂತ ತೆಗೆದುಕೊಂಡು ಪಾತ್ರೆಯ ತಳಕ್ಕೆ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಆ ಪಾತ್ರೆ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ಕಬ್ಬಿಣದ ತವಾ ನಡೆಯುತ್ತದೆ, ತಳ ಚಪ್ಪಟೆಯಾಗಿರಬೇಕು ಅಷ್ಟೆ. ಸಾಮಾನ್ಯ ಅಲ್ಯೂಮಿನಿಯಂ ಕುಕ್ಕರ್, ಮಣ್ಣಿನ ಮಡಕೆ, ಅಜ್ಜಿ ಕೊಟ್ಟ ಕಲಾಯಿ ಹಾಕಿದ ತಾಮ್ರದ ದೇಗ್ಚಿ ನಡೆಯುವುದಿಲ್ಲ. ಹೊಸ ಕುಕ್ಕರ್‌ನ ಬೆಲೆಯೂ ಒಲೆಯ ಬೆಲೆಯ ಜೊತೆ ಸೇರುತ್ತದೆ.

ಹಾಗಾದರೆ ಬಿರ್ಯಾನಿ ದಮ್ ಕೊಡುವುದು ಹೇಗೆ? ಬದನೆಕಾಯಿ ಸುಡುವುದು ಹೇಗೆ? ರೊಟ್ಟಿ ಉಬ್ಬಿಸುವುದು ಹೇಗೆ? ರೊಟ್ಟಿಯನ್ನು ತವಾದ ಮೇಲೆಯೇ ಬಟ್ಟೆಯಿಂದ ಒತ್ತಿ ಉಬ್ಬಿಸಬಹುದು. ಉಳಿದೆರಡಕ್ಕೆ ಗ್ಯಾಸೇ ಇರಲಿ. ಅಗ್ಗದ ಇಂಡಕ್ಷನ್ ಒಲೆಗಳು ಸಣ್ಣ ಉರಿಗೆ ಇಟ್ಟಾಗ ಒಂದೇ ಸಮನೆ ಕಾಯದೆ ನಿಂತು ನಿಂತು ಕಾಯುತ್ತವೆ, ದಮ್‌ಗೆ ಅದು ಒಗ್ಗುವುದಿಲ್ಲ. ರಂಜಾನ್‌ನ ಸಹರಿ ಹೊತ್ತಿನಲ್ಲಿ ಕರೆಂಟ್ ಹೋದರೆ ಇಂಡಕ್ಷನ್ ನಂಬಿದವರು ಏನು ಮಾಡಬೇಕು? ಮನೆಯ ಸಣ್ಣ ಇನ್ವರ್ಟರ್ ಈ ಒಲೆಯ ಭಾರ ಹೊರುವುದಿಲ್ಲ. ಆದ್ದರಿಂದ ಗ್ಯಾಸ್ ಸಂಪರ್ಕ ರದ್ದು ಮಾಡಬೇಡಿ. ಹಾಲು, ಚಹಾ, ಅನ್ನ, ಬೇಳೆ, ಕುಡಿಯುವ ಬಿಸಿನೀರು, ಇಷ್ಟನ್ನು ಇಂಡಕ್ಷನ್‌ಗೆ ಒಪ್ಪಿಸಿ. ದಿನಕ್ಕೆ ಒಂದು ಗಂಟೆ 1000 ವ್ಯಾಟ್‌ನಲ್ಲಿ ಬಳಸಿದರೆ ತಿಂಗಳಿಗೆ 30 ಯೂನಿಟ್ ಅಷ್ಟೇ. ಸಿಲಿಂಡರ್ ಹೆಚ್ಚು ದಿನ ಬರುತ್ತದೆ, ಬಿಲ್ಲೂ ಮಿತಿಮೀರುವುದಿಲ್ಲ.

ಕೆಲವು ಎಚ್ಚರಿಕೆಗಳು. ಜ್ವಾಲೆ ಇಲ್ಲವೆಂದು ಮಕ್ಕಳನ್ನು ಹತ್ತಿರ ಬಿಡಬೇಡಿ, ಪಾತ್ರೆ ಇಳಿಸಿದ ಮೇಲೂ ಗಾಜು ಸುಡುತ್ತಿರುತ್ತದೆ. ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸಬೇಡಿ, ಒಳಗಿನ ಫ್ಯಾನ್ ನಿಲ್ಲುವವರೆಗೆ ಕಾಯಿರಿ. ಕೆಳಗಿನ ಗಾಳಿಕಿಂಡಿಯಲ್ಲಿ ಜಿರಳೆ ಸೇರದಂತೆ ನೋಡಿಕೊಳ್ಳಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರನ್ನು ಕೇಳಿಯೇ ಬಳಸಿ.

ಪ್ರಿಯ ತಾಯಂದಿರೇ, ಓದುಗರೇ, ವಿದ್ಯೆ ಎಂದರೆ ಪರೀಕ್ಷೆಯ ಅಂಕ ಮಾತ್ರವಲ್ಲ. ಮನೆಗೆ ಬಂದ ಬಿಲ್ ಓದುವುದು, ಗೋಡೆಯ ಪಾಯಿಂಟ್ ಎಷ್ಟು ಭಾರ ಹೊರುತ್ತದೆಂದು ತಿಳಿಯುವುದು, ‘ನಮಗೆ ಇದು ಬೇಕೇ?’ ಎಂದು ಕೇಳುವುದು ಕೂಡ ವಿದ್ಯೆಯೇ. ಒಲೆಯ ಮುಂದೆ ನಿಲ್ಲುವವರು ನೀವು, ಆ ಪ್ರಶ್ನೆ ಕೇಳುವ ಹಕ್ಕೂ ನಿಮ್ಮದೇ. ಇವತ್ತೇ ಹೋಗಿ ಒಲೆ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಇವತ್ತು ರಾತ್ರಿ ಊಟವಾದ ಮೇಲೆ ಬಿಲ್ ಮತ್ತು ಪೆನ್ಸಿಲ್ ಹಿಡಿದು ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ ಎನ್ನುತ್ತೇನೆ.