ಹೇಡಿತನವಲ್ಲ, ಸಂಕಟ

ಆತ್ಮಹತ್ಯೆಯ ಬಗ್ಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೆಲ್ಲ ಒಂದೇ ರೀತಿ ಯೋಚಿಸುವುದಿಲ್ಲ. ಕೆಲವರಿಗೆ ಅದು ಪಾಪ, ಕೆಲವರಿಗೆ ಹೇಡಿತನ, ಇನ್ನು ಕೆಲವರಿಗೆ ಅವರವರ ಸ್ವಂತ ವಿಷಯ. ಚಿಕಿತ್ಸೆಯಿಂದ ಶಮನವಾಗಬಲ್ಲ ಸಂಕಟವೆಂದು ತಿಳಿದವರೂ ಇದ್ದಾರೆ. ಒಬ್ಬರ ಮನಸ್ಸಿನಲ್ಲೇ ಈ ನಾಲ್ಕೂ ಬೆರೆತಿರುವುದುಂಟು.

ಯಾರು ಏನೆಂದುಕೊಂಡರೇನು ಎಂದು ಬಿಡುವ ವಿಷಯವಲ್ಲ ಇದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 1,70,924 ಜನರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ನೊಂದವರು ಬಾಯಿಬಿಡುತ್ತಾರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಸುತ್ತಲಿನವರ ಧೋರಣೆಯನ್ನೇ ಅವಲಂಬಿಸಿದೆ.

ಹಾಸ್ಟೆಲಿನ ಒಂದು ಕೋಣೆಯನ್ನು ಊಹಿಸಿಕೊಳ್ಳಬಹುದು. ಎರಡು ವಿಷಯ ಬಾಕಿ ಉಳಿಸಿಕೊಂಡ ಹುಡುಗ ನಾಲ್ಕು ದಿನದಿಂದ ಮೆಸ್ಸಿಗೆ ಇಳಿದಿಲ್ಲ. ಊರಿನಿಂದ ಫೋನ್ ಬಂದರೆ 'ಚೆನ್ನಾಗಿದೀನಮ್ಮಾ' ಎಂದಷ್ಟೇ ಹೇಳಿ ಇಡುತ್ತಾನೆ. ಒಂದು ರಾತ್ರಿ ಜೊತೆಗಾರನ ಬಳಿ 'ನಾನಿಲ್ಲದಿದ್ರೆ ಮನೆಯವರಿಗೆ ಭಾರ ಕಮ್ಮಿ ಆಗ್ತಿತ್ತು ಕಣೋ' ಎನ್ನುತ್ತಾನೆ. 'ಏ, ಹೇಡಿ ತರ ಮಾತಾಡ್ಬೇಡ' ಎಂಬ ಉತ್ತರ ಬರುತ್ತದೆ. ಧೈರ್ಯ ತುಂಬಲೆಂದೇ ಆಡಿದ ಮಾತು ಅದು. ಆದರೆ ಆ ಹುಡುಗ ಮತ್ತೆ ಆ ವಿಷಯ ಎತ್ತುವುದಿಲ್ಲ.

ಇಂಥ ಉತ್ತರದ ಹಿಂದೆ ಎರಡು ತಪ್ಪು ನಂಬಿಕೆಗಳಿವೆ. ಸಾಯುತ್ತೇನೆ ಎನ್ನುವವರು ಸಾಯುವುದಿಲ್ಲ ಎಂಬುದು ಒಂದು. ನಿಜವಾಗಿ, ಜೀವ ಕಳೆದುಕೊಂಡವರಲ್ಲಿ ಅನೇಕರು ಮುಂಚೆಯೇ ಯಾವುದೋ ರೀತಿಯಲ್ಲಿ ಸುಳಿವು ಕೊಟ್ಟಿರುತ್ತಾರೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬುದು ಇನ್ನೊಂದು. ಇದನ್ನೂ ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. 'ಸಾಯುವ ಯೋಚನೆ ಬರುತ್ತಿದೆಯಾ?' ಎಂದು ನೇರವಾಗಿ, ಮೆಲ್ಲಗೆ ಕೇಳಿದರೆ ನೊಂದವರಿಗೆ ಎಷ್ಟೋ ಸಲ ಹಗುರವೆನಿಸುತ್ತದೆ. ಪರೀಕ್ಷೆಯೊಂದೇ ಕಾರಣವೆಂದು ಷರಾ ಬರೆಯುವುದೂ ಸರಿಯಲ್ಲ. ಖಿನ್ನತೆ, ಸಾಲ, ಒಂಟಿತನ, ಜಾತಿಯ ಅವಮಾನ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ.

ಈ ವಿಷಯದಲ್ಲಿ ಕಾನೂನು ಜನರ ಮಾತಿಗಿಂತ ಮುಂದೆ ಹೋಗಿದೆ. 1860ರ ದಂಡ ಸಂಹಿತೆಯ 309ನೇ ಕಲಮು ಆತ್ಮಹತ್ಯೆಯ ಯತ್ನಕ್ಕೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸುತ್ತಿತ್ತು. ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿದೆ. ಸಮಾಲೋಚಕರ ಕೋಣೆಗೆ ಹೋದವರನ್ನು 'ತಲೆ ಕೆಟ್ಟವರು' ಎಂದು ಆಡಿಕೊಳ್ಳುವವರೆಗೆ ಆ ಕೋಣೆಯ ಕುರ್ಚಿ ಖಾಲಿಯೇ ಇರುತ್ತದೆ.

ಜೊತೆಗಾರರು ವೈದ್ಯರಾಗಬೇಕಿಲ್ಲ. ತೀರ್ಪು ಕೊಡದೆ ಕೇಳಿಸಿಕೊಳ್ಳುವುದು, ಒಂಟಿಯಾಗಿ ಬಿಡದಿರುವುದು, ನೆರವು ನೀಡಬಲ್ಲವರ ಬಳಿಗೆ ಜೊತೆಯಲ್ಲೇ ಹೋಗುವುದು ಅವರಿಂದ ಆಗುವ ಕೆಲಸ. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.