ಗದ್ದೆಯಲ್ಲಿ ಹಾಡಿದ ಬದುಕು



ಕಾರವಾರದ ಶಿರವಾಡ ರೈಲು ನಿಲ್ದಾಣದಲ್ಲಿ ಮುಂಬೈ ಗಾಡಿಗೆ ಕಾಯುವ ಹುಡುಗರಲ್ಲಿ ಚಿತ್ರ ಬರೆಯುವವರು, ಹಾಡುವವರು ಇದ್ದೇ ಇರುತ್ತಾರೆ. ಕಲಾವಿದರಾಗಬೇಕೆಂದರೆ ಊರು ಬಿಡಲೇಬೇಕು ಎಂಬ ಮಾತನ್ನು ಅವರ ಕಿವಿಗೆ ನಾವೇ ತುಂಬಿದ್ದೇವೆ. ಹಾಗೆ ಹೇಳುವ ಮೊದಲು ಅಂಕೋಲೆಯ ಬಡಗೇರಿಯ ಸುಕ್ರಜ್ಜಿಯನ್ನು ನೆನೆಯಬೇಕಿತ್ತು.

ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಸಮುದಾಯದವರು. ಅಕ್ಷರ ಕಲಿತವರಲ್ಲ. ತಾಯಿಯ ಬಾಯಿಂದ ಕೇಳಿದ ಹಾಡುಗಳೇ ಅವರ ಪಾಠ. ಗಂಡನನ್ನು ಬೇಗ ಕಳೆದುಕೊಂಡರು. ಕೂಲಿ ಮಾಡಿ ಬದುಕಿದರು. ಆದರೂ ಹಾಡು ಬಿಡಲಿಲ್ಲ. ನನಗೆ ಬಹಳ ಮುಖ್ಯವೆನಿಸುವುದು ಇದೇ: ಅವರು ಹಾಡಿಗೆಂದು ಬೇರೆ ಹೊತ್ತು ಸಿಗಲಿ ಎಂದು ಕಾದು ಕೂರಲಿಲ್ಲ. ಗದ್ದೆಯ ನೆಟ್ಟಿಗೆ ಒಂದು ಹಾಡು, ಮದುವೆಗೆ ಒಂದು, ಸುಗ್ಗಿಗೆ ಇನ್ನೊಂದು. ಕೆಲಸ ನಡೆಯುತ್ತಿದ್ದಲ್ಲೇ ಅಭ್ಯಾಸವೂ ನಡೆಯಿತು. ನೂರಾರು ಹಾಡುಗಳು ಪುಸ್ತಕವಿಲ್ಲದೆ ಅವರ ನೆನಪಿನಲ್ಲಿ ಉಳಿದದ್ದು ಹೀಗೆ. ಊರಿನ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಯ ವಿರುದ್ಧ ನಿಂತವರೂ ಇವರೇ. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಹೊರಗಿನಿಂದ ಬಂದವರಿಗೂ ಈ ನೆಲ ಸ್ಫೂರ್ತಿ ಕೊಟ್ಟಿದೆ. ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ 1883ರಲ್ಲಿ ಬಂದ ತರುಣ ರವೀಂದ್ರನಾಥ ಠಾಕೂರರು ಕಾರವಾರದಲ್ಲೇ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು.

ಹೋಗುವವರು ಹೋಗಲಿ, ತಪ್ಪಿಲ್ಲ. ಹೊರಡುವ ಮೊದಲು ಮನೆಯ ಅಜ್ಜಿಯಿಂದ ಒಂದು ಹಾಡನ್ನಾದರೂ ಪೂರ್ತಿ ಕಲಿತು ಹೋಗಿ. ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡರೆ ಸಾಲದು. ಎದುರು ಕೂತು, ಅವರು ತಿದ್ದುವಷ್ಟು ಸಲ ಹಾಡಿ.